ಹಳೆಯ ತರಬೇತಿ ವಿಮಾನ: ಇಸವಿ ನೋಡಿ ಆರಿಸುವ ಬಗೆ

ಬಾದಾಮಿಯ ಬನಶಂಕರಿ ಜಾತ್ರೆಗೆ ಎತ್ತು ಕೊಳ್ಳಲು ಹೋದ ಒಕ್ಕಲಿಗನು ಮೊಟ್ಟಮೊದಲು ಮಾಡುವ ಕೆಲಸ ಯಾವುದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಅವನು ಎತ್ತಿನ ತುಟಿಯನ್ನು ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂಬುದು ಗೊತ್ತಾದರೆ ಅದರ ವಯಸ್ಸು ಗೊತ್ತಾಯಿತು. ಆದರೆ ಹಲ್ಲನ್ನಷ್ಟೇ ನೋಡಿ ಹಣ ಎಣಿಸಿಕೊಟ್ಟವನನ್ನು ಊರಿನಲ್ಲಿ ಯಾರೂ ಜಾಣನೆನ್ನುವುದಿಲ್ಲ. ಎತ್ತನ್ನು ನಾಲ್ಕು ಹೆಜ್ಜೆ ನಡೆಸಬೇಕು, ಹೆಗಲು ಮುಟ್ಟಿ ನೋಡಬೇಕು, ಗೊರಸು ಎತ್ತಿ ನೋಡಬೇಕು, ಯಾರ ಮನೆಯಲ್ಲಿ ದುಡಿದುದೆಂದು ಕೇಳಬೇಕು. ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದನ್ನು ಹಲ್ಲು ಕಲಿಸುತ್ತದೆ. ಉತ್ತರವನ್ನು ಮಾತ್ರ ಎತ್ತಿನ ಮೈಯೇ ಹೇಳಬೇಕು.

ಹಳೆಯ ವಿಮಾನವನ್ನು ಆರಿಸುವ ರೀತಿಯೂ ಇದಕ್ಕಿಂತ ಬೇರೆಯಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವಿಮಾನದ ವ್ಯಾಪಾರದ ಮಾತೇಕೆಂದು ಕೆಲವರಿಗೆ ಅನಿಸಬಹುದು. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಂತಹ ಊರುಗಳ ಮಕ್ಕಳೂ ಈಗ ವಿಮಾನ ಚಾಲಕರಾಗಬೇಕೆಂದು ಹಂಬಲಿಸುವ ಕಾಲ ಬಂದಿದೆ. ನಮ್ಮ ದೇಶದಲ್ಲಿ ಹದಿನಾರು ತುಂಬಿದವರಿಗೆ ವಿದ್ಯಾರ್ಥಿ ಪರವಾನಗಿಯೂ, ಹದಿನೆಂಟು ತುಂಬಿದವರಿಗೆ ವೃತ್ತಿಯ ಪರವಾನಗಿಯೂ ದೊರೆಯುತ್ತವೆ. ಎರಡನೆಯದಕ್ಕೆ 200 ತಾಸು ಹಾರಿರಬೇಕೆಂಬುದು ನಿಯಮ. ಆ ಇನ್ನೂರು ತಾಸುಗಳ ವೆಚ್ಚಕ್ಕಾಗಿ ಹೊಲವನ್ನು ಒತ್ತೆಯಿಡುವ ಮನೆಗಳುಂಟು. ಶಾಲೆಯನ್ನು ನೋಡಲು ಹೋದ ತಂದೆತಾಯಿಗಳು ಶುಲ್ಕವನ್ನು ವಿಚಾರಿಸುತ್ತಾರೆ, ವಸತಿಯನ್ನು ವಿಚಾರಿಸುತ್ತಾರೆ, ಊಟದಲ್ಲಿ ರೊಟ್ಟಿ ಸಿಕ್ಕೀತೇ ಎಂದೂ ವಿಚಾರಿಸುತ್ತಾರೆ. ಮಗನೋ ಮಗಳೋ ಒಬ್ಬಂಟಿಯಾಗಿ ಏರಿ ಹೋಗುವ ಯಂತ್ರವು ಯಾವ ಇಸವಿಯದೆಂದು ಕೇಳುವವರು ಅಪರೂಪ. ಎಷ್ಟೋ ಸಲ ಆ ಯಂತ್ರವು ಕಲಿಯುವವನ ತಂದೆಯಷ್ಟೇ ವಯಸ್ಸಾದುದಾಗಿರುತ್ತದೆ.

ನಮ್ಮ ನಾಡಿಗೆ ಈ ವಿದ್ಯೆಯು ಹೊಸದಲ್ಲ. ಸ್ವಾತಂತ್ರ್ಯ ಬಂದ ಒಂದೆರಡು ವರ್ಷಗಳಲ್ಲಿಯೇ ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ ಆಸಕ್ತಿಯಿಂದ ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆಯು ಹುಟ್ಟಿತು. ಅದೇ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. 1958ರಲ್ಲಿ ಬಟ್ಟೆ ಹೊದಿಸಿದ ಹಗುರವಾದ ಪುಷ್ಪಕವು ಬಂದಿತು; ದೇಶದ ವೈಮಾನಿಕ ಕ್ಲಬ್ಬುಗಳಲ್ಲಿ ಅನೇಕರು ಅದರಲ್ಲಿಯೇ ಹಾರಲು ಕಲಿತರು. ಮುಂದೆ ಆ ವಿಮಾನಗಳು ಮುದಿಯಾಗಲು, ಅವುಗಳ ಸ್ಥಾನಕ್ಕೆ ಅಮೇರಿಕದ ಸೆಸ್ನಾ ವಿಮಾನಗಳು ಬಂದವು. ಹಳೆಯ ವಿಮಾನದ ಮಾತು ಬಂದಾಗ ಹೆಚ್ಚಾಗಿ ಕೇಳಿಬರುವ ಹೆಸರು ಸೆಸ್ನಾ ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ಮೊದಲಿಗೆ ಒಂದು ಭಯವನ್ನು ನಿವಾರಿಸುವುದು ಅವಶ್ಯ. ನಲ್ವತ್ತು ವರ್ಷದ ಮೋಟಾರನ್ನು ನಾವು ಗುಜರಿಗೆ ಹಾಕುತ್ತೇವೆ. ಹಾಗಿರಲು ನಲ್ವತ್ತು ವರ್ಷದ ವಿಮಾನದಲ್ಲಿ ಮಕ್ಕಳನ್ನು ಕೂಡಿಸುವುದು ಸರಿಯೇ ಎಂಬ ಪ್ರಶ್ನೆ ಸಹಜವಾದುದು. ಮೋಟಾರನ್ನು ಕೆಟ್ಟ ಮೇಲೆ ರಿಪೇರಿ ಮಾಡಿಸುತ್ತೇವೆ. ವಿಮಾನವನ್ನು ಕೆಡುವ ಮೊದಲೇ ತಾಸುಗಳ ಲೆಕ್ಕದ ಮೇಲೆ ಬಿಚ್ಚಿ ಪರೀಕ್ಷಿಸುತ್ತಾರೆ. ಪ್ರತಿಯೊಂದು ಹಾರಾಟವೂ, ಬದಲಿಸಿದ ಪ್ರತಿಯೊಂದು ಭಾಗವೂ ಪುಸ್ತಕದಲ್ಲಿ ದಾಖಲಾಗತಕ್ಕದ್ದು. ಆದಕಾರಣ ಚೆನ್ನಾಗಿ ಸಾಕಿದ ಹಳೆಯ ವಿಮಾನವು ಅಲಕ್ಷ್ಯ ಮಾಡಿದ ಎಳೆಯ ವಿಮಾನಕ್ಕಿಂತ ಎಷ್ಟೋ ಪಾಲು ಮೇಲು. ವಯಸ್ಸೇ ದೋಷವಲ್ಲ. ಆದರೆ ಆಯಾ ಇಸವಿಯೊಡನೆ ಹುಟ್ಟಿಬಂದ ಗುಣದೋಷಗಳು ಇದ್ದೇ ಇರುತ್ತವೆ, ಅವುಗಳನ್ನು ಅರಿತಿರಬೇಕು.

ಇಸವಿ ಎಂದರೇನು? ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಕೆತ್ತಿಸಿದ ಶಾಸನದಲ್ಲಿ ಶಕವರ್ಷ 500, ಅಂದರೆ ಕ್ರಿಸ್ತಶಕ 578 ಎಂಬ ಕಾಲವು ಸ್ಪಷ್ಟವಾಗಿದೆ. ವಿಮಾನದ ಮೈಗೂ ಇಂತಹದೊಂದು ಶಾಸನವಿರುತ್ತದೆ. ಅದು ಲೋಹದ ಒಂದು ಚಿಕ್ಕ ಫಲಕವು. ಅದರಲ್ಲಿ ಮಾದರಿಯ ಹೆಸರೂ ಅನುಕ್ರಮ ಸಂಖ್ಯೆಯೂ ಇರುತ್ತವೆ. ಈ ಸಂಖ್ಯೆಯಿಂದ ಅದು ಯಾವ ಮಾದರಿ ವರ್ಷದ್ದೆಂದು ನಿರ್ಣಯಿಸುತ್ತಾರೆ. ಆದರೆ ಮಾದರಿ ವರ್ಷವೂ ಕಾರ್ಖಾನೆಯಿಂದ ಹೊರಬಿದ್ದ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಅಮೇರಿಕದ ಮೋಟಾರುಗಳಂತೆ ಅಲ್ಲಿಯ ವಿಮಾನಗಳೂ ಮುಂದಿನ ವರ್ಷದ ಹೆಸರಿನಿಂದ ಮುಂಚಿತವಾಗಿಯೇ ಮಾರಾಟಕ್ಕೆ ಬರುತ್ತಿದ್ದವು. ಸೆಸ್ನಾ 152 ಎಂಬುದು 1977ರಲ್ಲಿಯೇ ತಯಾರಾಗತೊಡಗಿದರೂ ಅದರ ಮೊದಲ ಮಾದರಿ ವರ್ಷವು 1978. ಮಾರುವವನ ಬಾಯಿಮಾತಿನ ಇಸವಿಗಿಂತ ಫಲಕದ ಸಂಖ್ಯೆಯನ್ನು ನಂಬುವುದು ಲೇಸು.

ಈಗ ಎರಡು ಆಸನಗಳ ವಿಮಾನಗಳನ್ನು ನೋಡೋಣ. ಸೆಸ್ನಾ 150 ಎಂಬುದು 1959ರಿಂದ 1977ರ ಮಾದರಿಗಳವರೆಗೆ ನಡೆದು ಬಂದಿತು. 1964ರಲ್ಲಿ ಅದಕ್ಕೆ ಹಿಂಬದಿಯ ಕಿಟಕಿಯು ಬಂದಿತು. 1966ರಲ್ಲಿ ಬಾಲವು ಹಿಂದಕ್ಕೆ ಬಾಗಿತು, ಅಲ್ಲಿಯವರೆಗೆ ಕೈಗೋಲಿನಿಂದ ಇಳಿಸುತ್ತಿದ್ದ ರೆಕ್ಕೆಯ ಫ್ಲ್ಯಾಪುಗಳು ವಿದ್ಯುತ್ತಿನಿಂದ ಇಳಿಯುವಂತಾದವು. ಇದರ 100 ಅಶ್ವಶಕ್ತಿಯ ಎಂಜಿನು 80 ಆಕ್ಟೇನಿನ ಪೆಟ್ರೋಲಿಗೆಂದು ರಚಿತವಾದುದು. ಆ ಪೆಟ್ರೋಲು ಕಾಲಕ್ರಮದಲ್ಲಿ ದೊರೆಯದಾಯಿತು. ಹೆಚ್ಚು ಸೀಸವುಳ್ಳ 100 ಆಕ್ಟೇನಿನದನ್ನು ಹಾಕಿದಾಗ ಸ್ಪಾರ್ಕ್ ಪ್ಲಗ್ಗುಗಳಿಗೆ ಸೀಸವು ಹತ್ತಿ ಎಂಜಿನು ತೊದಲತೊಡಗಿತು. ಈ ತೊಂದರೆಯ ಪರಿಹಾರಕ್ಕಾಗಿಯೇ 1978ರ ಮಾದರಿಯಿಂದ 110 ಅಶ್ವಶಕ್ತಿಯ ಲೈಕಮಿಂಗ್ ಎಂಜಿನುಳ್ಳ ಸೆಸ್ನಾ 152 ಬಂದಿತು. ಆದರೂ ಸೀಸದ ಕಾಟವು ಪೂರ್ತಿಯಾಗಿ ತಪ್ಪಲಿಲ್ಲ. 1983ರ ಮಾದರಿಯಿಂದ ಎಂಜಿನನ್ನು ಮತ್ತೆ ಬದಲಿಸಿ 108 ಅಶ್ವಶಕ್ತಿಯದನ್ನು ಕೂಡಿಸಿದರು. ಎರಡು ಅಶ್ವಶಕ್ತಿ ಕಡಿಮೆಯಾದರೂ ಪ್ಲಗ್ಗುಗಳ ಗೋಳು ಕಡಿಮೆಯಾಯಿತು. ಆದುದರಿಂದ 1983ರಿಂದ 1985ರವರೆಗಿನ 152ಗಳು ಅದೇ ಸ್ಥಿತಿಯ ಹಿಂದಿನವುಗಳಿಗಿಂತ ಒಂದು ತೂಕ ಮೇಲೆಂದು ತಿಳಿಯಬಹುದು.

ಇನ್ನೊಂದು ಭೇದವನ್ನೂ ಗಮನಿಸತಕ್ಕದ್ದು. 150ರ ಫ್ಲ್ಯಾಪುಗಳು 40 ಅಂಶಗಳವರೆಗೆ ಇಳಿಯುತ್ತಿದ್ದವು. ಅಷ್ಟು ಇಳಿಸಿದಾಗ ವಿಮಾನವು ಕಡಿದಾಗಿ ಇಳಿಯಬಲ್ಲದು, ನಿಜ; ಆದರೆ ನೆಲಕ್ಕೆ ಸಮೀಪಿಸಿದ ಮೇಲೆ ಕಲಿಯುವವನು ಮನಸ್ಸು ಬದಲಿಸಿ ಮತ್ತೆ ಮೇಲೇರಬೇಕಾದರೆ ಆ ಫ್ಲ್ಯಾಪುಗಳೇ ಕಾಲಿಗೆ ಕಟ್ಟಿದ ಗುಂಡಾಗುತ್ತವೆ. 152ರಲ್ಲಿ ಇದನ್ನು 30 ಅಂಶಗಳಿಗೆ ನಿಲ್ಲಿಸಿದರು. ಹೊಸಬರ ದೃಷ್ಟಿಯಿಂದ ಇದು ದೊಡ್ಡ ಉಪಕಾರವೇ ಸರಿ.

ನಾಲ್ಕು ಆಸನಗಳ ಸೆಸ್ನಾ 172ರ ಇತಿಹಾಸವು ಇನ್ನೂ ಉದ್ದವಾದುದು. 1956ರ ಮಾದರಿಯಿಂದ ಮೊದಲಾಗಿ ಇಂದಿನವರೆಗೆ 44,000ಕ್ಕಿಂತ ಹೆಚ್ಚು ತಯಾರಾಗಿ, ಜಗತ್ತಿನಲ್ಲಿಯೇ ಅತಿ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದ ವಿಮಾನವೆಂಬ ಕೀರ್ತಿಯನ್ನು ಅದು ಪಡೆದಿದೆ. ಮೊದಲು ಅದರಲ್ಲಿ 145 ಅಶ್ವಶಕ್ತಿಯ ಆರು ಸಿಲಿಂಡರುಗಳ ಎಂಜಿನಿತ್ತು. 1968ರಲ್ಲಿ 150 ಅಶ್ವಶಕ್ತಿಯ ನಾಲ್ಕು ಸಿಲಿಂಡರುಗಳ ಲೈಕಮಿಂಗ್ ಎಂಜಿನು ಬಂದಿತು. ಇದು ಬಹು ಗಟ್ಟಿಮುಟ್ಟಾದುದೆಂದು ಹೆಸರಾಯಿತು. 1977ರ ಮಾದರಿಯಲ್ಲಿ ಅದನ್ನು ತೆಗೆದು 160 ಅಶ್ವಶಕ್ತಿಯ ಬೇರೊಂದು ಎಂಜಿನನ್ನು ಇಟ್ಟರು. ಕಾಗದದ ಮೇಲೆ ಬಲ ಹೆಚ್ಚಿತು. ಆದರೆ ಆ ಎಂಜಿನಿನ ಕ್ಯಾಮು ಮತ್ತು ಅದರ ಟ್ಯಾಪೆಟ್ಟುಗಳಿಗೆ ಎಣ್ಣೆ ಸಾಲದೆ ಬೇಗ ಸವೆಯುವ ದೋಷ ಕಾಣಿಸಿತು. ತಯಾರಕರು ತಿದ್ದುಪಾಟುಗಳನ್ನು ಮಾಡಿದರು. ಕೊನೆಗೆ 1981ರಲ್ಲಿ ಎಂಜಿನನ್ನೇ ಬದಲಿಸಿದರು. ಅದೇ ವರ್ಷ ಫ್ಲ್ಯಾಪುಗಳೂ 30 ಅಂಶಗಳಿಗೆ ನಿಂತವು. ಆದಕಾರಣ 1977ರಿಂದ 1980ರವರೆಗಿನ 172 ಎದುರಿಗೆ ಬಂದರೆ, ಆ ತಿದ್ದುಪಾಟುಗಳು ಆಗಿವೆಯೇ ಎಂಬುದನ್ನು ಪುಸ್ತಕದಲ್ಲಿ ಕಣ್ಣಾರೆ ಕಂಡ ಹೊರತು ಮುಂದಿನ ಮಾತನ್ನು ಎತ್ತಬಾರದು.

ಇಲ್ಲಿಯೇ ಒಂದು ಗುಟ್ಟನ್ನು ತಿಳಿಸುತ್ತೇವೆ. ಯಾರಾದರೂ 1990ರ ಸೆಸ್ನಾ 172 ಇದೆಯೆಂದು ಹೇಳಿದರೆ ಅದನ್ನು ಅಲ್ಲಿಯೇ ತಡೆಯಬಹುದು. ಅಂತಹದು ಹುಟ್ಟಿಯೇ ಇಲ್ಲ. ವಿಮಾನವು ಎಷ್ಟೇ ಹಳೆಯದಾದರೂ ಅಪಘಾತವಾದರೆ ತಯಾರಕರ ಮೇಲೆ ದಾವೆ ಹೂಡುವ ಪದ್ಧತಿಯು ಅಮೇರಿಕದಲ್ಲಿ ಬೆಳೆದು, ಅದರ ಭಾರವನ್ನು ತಾಳಲಾರದೆ ಸೆಸ್ನಾ ಕಂಪನಿಯು 1986ರಲ್ಲಿ ಈ ಚಿಕ್ಕ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 1994ರಲ್ಲಿ ಹೊಸ ಕಾಯಿದೆಯೊಂದು ಬಂದು ಇಂತಹ ಹೊಣೆಗಾರಿಕೆಯನ್ನು 18 ವರ್ಷಗಳಿಗೆ ಮಿತಿಗೊಳಿಸಿದ ಮೇಲೆ, 1996ರಲ್ಲಿ ಕಾನ್ಸಾಸ್ ಪ್ರಾಂತದ ಹೊಸ ಕಾರ್ಖಾನೆಯಲ್ಲಿ 172 ಮತ್ತೆ ಹುಟ್ಟಿತು. 152 ಮಾತ್ರ ಮರಳಿ ಬರಲಿಲ್ಲ. ಈ ಕಾರಣದಿಂದ ಇಂದು ಕಾಣುವ ಪ್ರತಿಯೊಂದು 152ಕ್ಕೂ ನಲ್ವತ್ತು ತುಂಬಿದೆ.

ಮರುಹುಟ್ಟಿನ 172ಗಳಲ್ಲಿ ಪೆಟ್ರೋಲು ಕಾರ್ಬ್ಯುರೇಟರಿನ ಬದಲಾಗಿ ಪ್ರತಿಯೊಂದು ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಚಿಮ್ಮುತ್ತದೆ. ಲೋಹದ ಒಳಮೈಗೆ ತುಕ್ಕು ಹತ್ತದಂತೆ ಕಾರ್ಖಾನೆಯಲ್ಲಿಯೇ ಲೇಪ ಕೊಟ್ಟಿರುತ್ತಾರೆ. ಆಸನಗಳೂ ಹೆಚ್ಚು ಆಘಾತವನ್ನು ತಾಳುವಂತಹವು. ಮೊದಲಿನದು 160 ಅಶ್ವಶಕ್ತಿಯದು. 1998ರಲ್ಲಿ 180 ಅಶ್ವಶಕ್ತಿಯದೂ ಬಂದಿತು. 2005ರ ಸುಮಾರಿಗೆ ಮುಳ್ಳಿನ ಗಡಿಯಾರಗಳ ಜಾಗದಲ್ಲಿ ಗಾಜಿನ ಪರದೆಗಳು ಬಂದವು. ಬೆಲೆಯು ಹಳೆಯವುಗಳಿಗಿಂತ ಬಹು ಹೆಚ್ಚು. ಆದರೆ ದಿನವಿಡೀ ಹಾರುವ ಶಾಲೆಗೆ ಇವು ಒಗ್ಗುತ್ತವೆ.

ಬಲದ ಮಾತು ನಮ್ಮ ನಾಡಿನ ಬಿಸಿಲಿನಲ್ಲಿ ಬರಿಯ ಅಂಕಿಯಲ್ಲ. ಗಾಳಿಯು ಕಾದಂತೆ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಎಂಜಿನಿಗೂ ರೆಕ್ಕೆಗೂ ಹಿಡಿತ ಕಡಿಮೆ. ಜಕ್ಕೂರು ಸಮುದ್ರದ ಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಉಷ್ಣತೆ 35 ಡಿಗ್ರಿಗೆ ಏರಿದ ಮಧ್ಯಾಹ್ನ ವಿಮಾನವು ತಾನು ಸುಮಾರು 6,000 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಇದರೊಡನೆ ತೂಕವನ್ನೂ ಲೆಕ್ಕ ಹಾಕಿರಿ. 152 ಹೊರಬಹುದಾದ ಒಟ್ಟು ತೂಕವು 757 ಕಿಲೋ. ಬರಿಯ ವಿಮಾನವೇ 510 ಕಿಲೋ ಇದೆಯೆಂದು ಇಟ್ಟುಕೊಂಡರೆ ಉಳಿದುದು 247. ಗುರುಶಿಷ್ಯರು ತಲಾ 75 ಕಿಲೋ ಇದ್ದರೆ 150 ಹೋಯಿತು. ತುಂಬಿದ ಪೆಟ್ರೋಲಿಗೆ ಸುಮಾರು 67 ಹೋಯಿತು. ಮಿಕ್ಕುದು ಮೂವತ್ತು ಕಿಲೋ ಮಾತ್ರ. ಇಬ್ಬರೂ ಮೈಯುಳ್ಳವರಾಗಿದ್ದರೆ ಅದೂ ಮುಗಿಯಿತು. ಆಗ ಪೆಟ್ರೋಲನ್ನೇ ಕಡಿಮೆ ಮಾಡಬೇಕಾಗುತ್ತದೆ. ಇಂತಹ ಶಾಲೆಗಳು ಮುಂಜಾವಿನ ತಂಪಿನಲ್ಲಿ ಹಾರಾಟಕ್ಕೆ ತೊಡಗುವುದರಲ್ಲಿ ಅರ್ಥವಿದೆ.

ಇಷ್ಟು ಇಸವಿ ಹೇಳುವ ಸಂಗತಿ. ಇಸವಿ ಹೇಳದ ಸಂಗತಿಗಳು ಇನ್ನೂ ದೊಡ್ಡವು. ಅವುಗಳಲ್ಲಿ ಮೊದಲನೆಯದು ಎಂಜಿನಿನ ಆಯುಷ್ಯ. ಪೂರ್ತಿಯಾಗಿ ಬಿಚ್ಚಿ ಸವೆದುದನ್ನು ಬದಲಿಸಿ ಕಟ್ಟುವುದಕ್ಕೆ ಓವರ್‌ಹಾಲ್ ಎನ್ನುತ್ತಾರೆ. ಅನೇಕ ಲೈಕಮಿಂಗ್ ಎಂಜಿನುಗಳಿಗೆ ಇದನ್ನು 2,000 ತಾಸುಗಳಿಗೊಮ್ಮೆ, 152ರ ಎಂಜಿನಿಗೆ 2,400 ತಾಸುಗಳಿಗೊಮ್ಮೆ ಮಾಡಿಸಬೇಕೆಂದು ತಯಾರಕರು ಹೇಳುತ್ತಾರೆ. ತಾಸುಗಳು ತುಂಬದಿದ್ದರೂ ಹನ್ನೆರಡು ವರ್ಷವಾದರೆ ಮಾಡಿಸಬೇಕೆಂಬುದೂ ಅವರದೇ ಸಲಹೆ. ಏಕೆಂದರೆ ಎಂಜಿನನ್ನು ಕೆಡಿಸುವುದು ದುಡಿಮೆಗಿಂತ ಹೆಚ್ಚಾಗಿ ಆಲಸ್ಯವು. ಲೈಕಮಿಂಗ್ ಎಂಜಿನುಗಳಲ್ಲಿ ಕ್ಯಾಮು ಮೇಲ್ಭಾಗದಲ್ಲಿರುವುದರಿಂದ, ನಿಂತಲ್ಲೇ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಅದಕ್ಕೆ ತುಕ್ಕು ಹತ್ತುತ್ತದೆ. ಹತ್ತು ವರ್ಷಗಳಲ್ಲಿ ಮುನ್ನೂರೇ ತಾಸು ಹಾರಿದ ವಿಮಾನವನ್ನು ಮಾರುವವನು ಅದರ ಹೆಮ್ಮೆಯೆಂಬಂತೆ ಹೇಳಿಯಾನು. ವರ್ಷಗಟ್ಟಲೆ ಹೂಡದೆ ಕಟ್ಟಿಹಾಕಿದ ಎತ್ತನ್ನು ನಮ್ಮ ರೈತನು ಹೇಗೆ ಸಂಶಯದಿಂದ ನೋಡುವನೋ, ಹಾಗೆಯೇ ಇದನ್ನೂ ನೋಡತಕ್ಕದ್ದು.

ಎರಡನೆಯದು ಸಂದುಗಳ ಪರೀಕ್ಷೆ. ಇಳಕಲ್ಲ ಸೀರೆಯನ್ನು ಬಲ್ಲ ತಾಯಂದಿರು ಮೈಯ ಬಣ್ಣಕ್ಕೆ ಮರುಳಾಗುವುದಿಲ್ಲ. ಮೈಗೂ ಟೋಪು ತೆನಿಯ ಸೆರಗಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಬೆರಳಿನಿಂದ ಸವರಿ ನೋಡುತ್ತಾರೆ. ವಿಮಾನದ ಬಣ್ಣವೂ ಹಾಗೆಯೇ ಮೋಸದ್ದು. ಅದರ ಸತ್ಯವಿರುವುದು ರೆಕ್ಕೆ ಮೈಗೆ ಕೂಡುವಲ್ಲಿ, ರೆಕ್ಕೆಯ ಊರುಗೋಲು ಕೂಡುವಲ್ಲಿ, ಗಾಲಿಗಳ ಕಾಲು ಕೂಡುವಲ್ಲಿ. ತರಬೇತಿಯ ವಿಮಾನವನ್ನು ಹೊಸಬರು ನೆಲಕ್ಕೆ ಕುಕ್ಕುವುದುಂಟು. ಮೂಗಿನ ಗಾಲಿಯ ಮೇಲೆ ಬಿದ್ದ ಪೆಟ್ಟು ಎಂಜಿನಿನ ಹಿಂದಿನ ತಗಡುಗೋಡೆಗೆ ತಾಗಿ ಅಲ್ಲಿ ಸುಕ್ಕು ಮೂಡುತ್ತದೆ. ಬಲ್ಲವನು ಮೊದಲು ಅಲ್ಲಿಯೇ ದೀಪ ಹಿಡಿದು ನೋಡುತ್ತಾನೆ. ಸಮುದ್ರತೀರದಲ್ಲಿ ಬಹುಕಾಲ ನಿಂತ ವಿಮಾನಕ್ಕೆ ಉಪ್ಪಿನ ಗಾಳಿಯಿಂದ ಒಳಗೇ ತುಕ್ಕು ಹತ್ತಿರಬಹುದು. ಆಸನವು ಜಾರುವ ಹಳಿಗಳನ್ನಂತೂ ಮರೆಯಲೇಬಾರದು. ಹಳಿಯ ತೂತುಗಳು ಸವೆದು, ಮೇಲೇರುವ ಹೊತ್ತಿನಲ್ಲಿ ಆಸನವು ಹಿಂದಕ್ಕೆ ಜಾರಿ, ಚಾಲಕನು ಹಿಡಿಗೋಲನ್ನು ಹಿಡಿದುಕೊಂಡೇ ಹಿಂದೆ ಹೋದುದರಿಂದ ಅಪಘಾತಗಳಾಗಿವೆ. ಈ ಕಾರಣದಿಂದ ಅಮೇರಿಕದ ಸರಕಾರವು 1987ರಲ್ಲಿ ಸೆಸ್ನಾಗಳ ಹಳಿಗಳನ್ನು ಕಾಲಕಾಲಕ್ಕೆ ಅಳೆದು ನೋಡಬೇಕೆಂದು ಕಡ್ಡಾಯ ಮಾಡಿತು. ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟು ದೊಡ್ಡ ಅಪಾಯ!

ಮೂರನೆಯದು ದಾಖಲೆಯ ಪುಸ್ತಕಗಳು. ಮೈಗೊಂದು, ಎಂಜಿನಿಗೊಂದು ಪುಸ್ತಕವಿರುತ್ತದೆ. ಅವು ಮೊದಲ ದಿನದಿಂದ ಇಂದಿನವರೆಗೆ ಕಡಿಯದೆ ಬಂದಿರಬೇಕು. ನಡುವೆ ಮೂರು ವರ್ಷಗಳ ಪುಸ್ತಕ ಕಳೆದಿದೆಯೆಂದರೆ, ಆ ಮೂರು ವರ್ಷಗಳಲ್ಲಿ ಏನಾದರೂ ಆಗಿರಬಹುದು. ನಮ್ಮ ದೇಶದಲ್ಲಿ ವಿಮಾನಕ್ಕೆ ವಿಟಿ ಎಂಬ ಅಕ್ಷರಗಳಿಂದ ಮೊದಲಾಗುವ ನೋಂದಣಿಯೂ, ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ವಾಯುಯೋಗ್ಯತಾ ಪತ್ರವೂ ಇರಬೇಕು. ಆ ಯೋಗ್ಯತೆಯನ್ನು ವರ್ಷವರ್ಷವೂ ಮರುಪರಿಶೀಲಿಸಿ ಪತ್ರ ಕೊಡುತ್ತಾರೆ. ಹೊರದೇಶದಿಂದ ಹಳೆಯದನ್ನು ತರಿಸುವುದಕ್ಕೂ ಅದೇ ಇಲಾಖೆಯ ಅಪ್ಪಣೆ ಬೇಕು.

ಹಾಗಾದರೆ ವಿಮಾನವನ್ನು ಕೊಳ್ಳದೆ ಮಕ್ಕಳನ್ನು ಕಳಿಸುವ ಗೃಹಸ್ಥರು ಮಾಡತಕ್ಕದ್ದೇನು? ಯಂತ್ರವನ್ನು ಪರೀಕ್ಷಿಸುವುದು ಪರವಾನಗಿ ಪಡೆದ ಎಂಜಿನಿಯರನ ಕೆಲಸವೇ ಹೊರತು ನಮ್ಮದಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೆ ಪರವಾನಗಿ ಬೇಕಿಲ್ಲ. ಶಾಲೆಯ ಕಚೇರಿಯಲ್ಲಿ ಕುಳಿತು ವಿನಯದಿಂದಲೇ ಐದು ಮಾತು ಕೇಳಬೇಕು. ನಮ್ಮ ಹುಡುಗನು ಹಾರುವ ವಿಮಾನ ಯಾವ ಮಾದರಿಯದು, ಯಾವ ಇಸವಿಯದು? ಎಂಜಿನನ್ನು ಕಡೆಯ ಸಲ ಓವರ್‌ಹಾಲ್ ಮಾಡಿದುದು ಯಾವಾಗ, ಅಲ್ಲಿಂದ ಎಷ್ಟು ತಾಸು ಹಾರಿದೆ? ಈ ವರ್ಷದ ವಾಯುಯೋಗ್ಯತೆಯ ಪತ್ರವನ್ನು ತೋರಿಸುವಿರಾ? ಎಷ್ಟು ವಿಮಾನಗಳಲ್ಲಿ ಎಷ್ಟು ಇಂದು ಹಾರುವ ಸ್ಥಿತಿಯಲ್ಲಿವೆ? ಕೆಟ್ಟಾಗ ನೋಡುವ ಎಂಜಿನಿಯರು ಇಲ್ಲಿಯೇ ಇರುವರೇ, ಬೇರೆ ಊರಿನಿಂದ ಬರಬೇಕೇ? ಕಡೆಯ ಎರಡು ಪ್ರಶ್ನೆಗಳಿಂದ ಸುರಕ್ಷಿತತೆಯ ಜೊತೆಗೆ ನಿಮ್ಮ ಹಣದ ಗತಿಯೂ ತಿಳಿಯುತ್ತದೆ. ಆರು ವಿಮಾನಗಳಲ್ಲಿ ನಾಲ್ಕು ಷೆಡ್ಡಿನಲ್ಲಿ ಬಿಚ್ಚಿಬಿದ್ದಿದ್ದರೆ, ಒಂದು ವರ್ಷದಲ್ಲಿ ಮುಗಿಯಬೇಕಾದ 200 ತಾಸುಗಳು ಎರಡು ವರ್ಷಕ್ಕೆ ಎಳೆದಾವು. ಬಡ್ಡಿ ಮಾತ್ರ ದಿನವೂ ಬೆಳೆಯುತ್ತಿರುತ್ತದೆ.

ನಮ್ಮ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುತ್ತೇವೆ. ಕೈಯಲ್ಲಿ ಹಣವಿರುವ ಶಾಲೆಗೆ 1997ರ ಈಚಿನ 172 ಉತ್ತಮವು. ಮಿತವ್ಯಯದಲ್ಲಿ ಕಲಿಸುವವರಿಗೆ 1983ರ ಅನಂತರದ 152, ಅದು ಸಿಕ್ಕದಿದ್ದರೆ 1981ರಿಂದ 1986ರವರೆಗಿನ 172 ಸಾಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಹುಟ್ಟಿ 1993ರಲ್ಲಿ ಮೊದಲು ಹಾರಿದ ಹಂಸವು 2021ರಲ್ಲಿ ಹೊಸ ರೂಪದಿಂದ ಹಾರಿದೆ. ನಮ್ಮದೇ ನಾಡಿನ ಹೊಸ ವಿಮಾನಗಳು ಶಾಲೆಗಳಿಗೆ ಸಾಕಷ್ಟು ಬಂದರೆ, ಪರದೇಶದ ಮುದಿ ವಿಮಾನಗಳ ಹಲ್ಲೆಣಿಸುವ ಕೆಲಸವೇ ನಮಗೆ ತಪ್ಪೀತು. ಅಲ್ಲಿಯವರೆಗೆ ಇಸವಿಯನ್ನು ಕೇಳಿರಿ, ಪುಸ್ತಕವನ್ನು ನೋಡಿರಿ. ಇವೆರಡೂ ಒಂದನ್ನೊಂದು ಒಪ್ಪಿದರೆ ಮಗುವನ್ನು ಹರಸಿ ಕಳಿಸಿರಿ. ಪುಸ್ತಕವನ್ನು ತೋರಿಸಲು ಒಪ್ಪದ ಶಾಲೆಯಾದರೆ, ಜಾತ್ರೆಯಲ್ಲಿ ಮನಸ್ಸಿಗೆ ಬಂದ ಜೋಡಿ ಸಿಕ್ಕದಾಗ ರೈತನು ಮಾಡುವಂತೆ ಬರಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಮರಳುವುದೇ ಲೇಸು. ಜಾತ್ರೆ ಮುಂದಿನ ವರ್ಷವೂ ಬರುತ್ತದೆ.